ಬಾಗಿಲಿಗೆ ಬಂದ ಸೋಫಾ

ಬೆಳಿಗ್ಗೆ ಎದ್ದು ಮಾಂಗ್ ಸೆಲೊ ಗೇಟು ತಳ್ಳಿದರು. ಗೇಟು ಅಲ್ಲಾಡಲಿಲ್ಲ. ಹೆಂಡತಿ ಬೀಗ ಹಾಕಿರಬೇಕು ಅಂದುಕೊಂಡು ಚಿಲಕ ನೋಡಿದರು, ಬೀಗವಿರಲಿಲ್ಲ. ಭುಜ ಕೊಟ್ಟು ಇನ್ನೊಮ್ಮೆ ನೂಕಿದಾಗ ಹೊರಗಡೆ ಏನೋ ನರಳಿದ ಸದ್ದಾಯಿತು. ತುದಿಗಾಲಲ್ಲಿ ನಿಂತು ಗೇಟಿನ ಮೇಲಿಂದ ಇಣುಕಿದರೆ, ಫುಟ್‌ಪಾತಿನ ಮೇಲೆ, ಗೇಟಿಗೆ ಬೆನ್ನು ಒತ್ತಿಕೊಂಡು, ಒಂದು ಸೋಫಾ ಕೂತಿತ್ತು.

ಸೋಫಾ ಅನ್ನುವುದು ಮರ್ಯಾದೆಯ ಮಾತು. ಮೂರು ಜನ ಕೂರುವಷ್ಟು ಉದ್ದದ ಮರದ ಚೌಕಟ್ಟು, ಅದರ ಮೇಲೆ ಒಂದು ಕಾಲಕ್ಕೆ ಕೆಂಪಗಿದ್ದಿರಬಹುದಾದ ಮಕಮಲ್ಲು. ಒಂದು ಕಾಲು ಇಲ್ಲದ್ದರಿಂದ ಹಬ್ಬದ ಮಾರನೇ ದಿನದ ಕುಡುಕನ ಹಾಗೆ ಒಂದು ಕಡೆ ವಾಲಿತ್ತು. ಹೊಟ್ಟೆ ಹರಿದು ಸ್ಪ್ರಿಂಗುಗಳು ಹೊರಬಂದಿದ್ದವು. ಆಪರೇಷನ್ ಅರ್ಧಕ್ಕೆ ಬಿಟ್ಟು ಡಾಕ್ಟರು ಊಟಕ್ಕೆ ಹೋದರೆ ರೋಗಿ ಹೇಗೆ ಕಾಣುತ್ತಾನೋ ಹಾಗೆ. ಮೈಯೆಲ್ಲ ಹುಳ ಕೊರೆದ ತೂತು. ಹತ್ತಿರ ಹೋದರೆ ಒದ್ದೆ ನಾಯಿಯ ವಾಸನೆ.

ಮಾಂಗ್ ಸೆಲೊ ಮಾರುಕಟ್ಟೆಯ ಮೂಲೆಯೊಂದರಲ್ಲಿ ಗಡಿಯಾರ ರಿಪೇರಿ ಮಾಡುವ ಮನುಷ್ಯ. ಚಿಮಟದಲ್ಲಿ ಹಿಡಿಯಲಾಗದ ಯಾವ ವಸ್ತುವೂ ಅವರ ಪಾಲಿಗೆ ಭಾರವೇ. ಅಂಥವರ ಬಾಗಿಲಿಗೆ ಇದು ಬೇರೆ ಯಾವ ದಿನ ಬಂದಿದ್ದರೂ ಅಡ್ಡಿಯಿರಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಅವರ ಒಬ್ಬಳೇ ಮಗಳು ಮಯುಮಿಯನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು. ಕೆರೆಯಾಚೆಯ ಊರಿನ ಜನ. ಹುಡುಗ ಜೊನೆಲ್ ಒಳ್ಳೆಯವನು. ಅವನ ಅಪ್ಪನೂ ಒಳ್ಳೆಯವನೇ. ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಅವನ ಅಜ್ಜಿ ಲೋಲಾ ಪಾನಿಂಗ್ ಅವರದು. ಆಕೆ ಒಪ್ಪದೆ ಆ ಮನೆಯಲ್ಲಿ ಬೆಕ್ಕು ಕೂಡ ಮರಿ ಹಾಕುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಅಜ್ಜಿಯ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದೇ ಮಾಂಗ್ ಸೆಲೊ ಹಿಂದಿನ ವಾರ ಗೇಟಿಗೆ ಹಸಿರು ಬಣ್ಣ ಬಳಿಸಿದ್ದರು.

ಎದುರು ಮನೆಯ ಕಿಟಕಿಯಲ್ಲೇ ಅಂಗಡಿ ಇಟ್ಟುಕೊಂಡಿರುವ ಆಲಿಂಗ್ ಬೆಬಾಂಗ್ ಆಗಲೇ ಗಲ್ಲಕ್ಕೆ ಕೈಕೊಟ್ಟು ಈ ಕಡೆ ನೋಡುತ್ತಿದ್ದರು. ಸಾಬೂನು, ವಿನೆಗರ್, ಬಿಡಿ ಸಿಗರೇಟುಗಳ ಜೊತೆ ಬೀದಿಯ ಸುದ್ದಿಯನ್ನೂ ಆಕೆ ಅದೇ ಕಿಟಕಿಯಿಂದ ವಿತರಿಸುತ್ತಿದ್ದರು. ಯಾರು ತಂದು ಹಾಕಿದ್ದು ಎಂದು ಮಾಂಗ್ ಸೆಲೊ ಗೇಟಿನ ಮೇಲಿಂದಲೇ ಕೇಳಿದರು. ಬೆಳಗಿನ ಜಾವ ಯಾವುದೋ ಗಾಡಿಯ ಸದ್ದಾಯಿತು, ನಾಯಿ ಬೊಗಳಿತು, ಐಸ್ ಗಾಡಿ ಇರಬೇಕು ಅಂತ ಮಗ್ಗುಲಾದೆ, ಎದ್ದು ನೋಡೋಣ ಅಂದರೆ ಮಂಡಿನೋವು, ಅಂದರು ಆಕೆ. ವರ್ಷವಿಡೀ ಬೀದಿಯಲ್ಲಿ ಸೊಳ್ಳೆ ಹಾರಿದರೂ ಎದ್ದು ನೋಡುವ ಹೆಂಗಸಿಗೆ ಇದೊಂದು ಬೆಳಿಗ್ಗೆ ಮಂಡಿ ನೋಯಬೇಕಾಗಿತ್ತೆ ಎಂದು ಮಾಂಗ್ ಸೆಲೊ ಮನಸ್ಸಿನಲ್ಲೇ ಗೊಣಗಿಕೊಂಡರು.

ಹೊರಗೆ ಬರಲು ಗೇಟು ಹತ್ತಿ ಇಳಿಯಬೇಕಾಯಿತು. ಅರ್ಧ ಹತ್ತಿ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟುಕೊಂಡು ಅವರು ಸವಾರಿ ಮಾಡುತ್ತಿದ್ದಾಗಲೇ ಕಗವಾದ್ ರೂಫಿನಾ ಬಂದರು.

ಕಗವಾದ್ ಎಂದರೆ ಬರಂಗಾಯಿನ, ಅಂದರೆ ವಾರ್ಡಿನ ಆಡಳಿತದ, ಚುನಾಯಿತ ಸದಸ್ಯೆ. ವಾರ್ಡಿನ ನೈರ್ಮಲ್ಯದ ಹೊಣೆ ರೂಫಿನಾ ಅವರದು. ಬಾಳೆಹಣ್ಣಿನ ಸಿಪ್ಪೆ ಯಾರ ಕೈಯಿಂದ ಜಾರಿದರೂ ಅದು ನೆಲ ಮುಟ್ಟುವ ಮೊದಲೇ ಅವರು ಅಲ್ಲಿರುತ್ತಿದ್ದರು. ಒಂದು ಕೈಯಲ್ಲಿ ಫೋನು, ಹೆಗಲ ಚೀಲದಲ್ಲಿ ಕೆಂಪು ಸ್ಟಿಕರುಗಳ ಕಟ್ಟು. ಗೇಟಿನ ಮೇಲಿದ್ದವರನ್ನೂ ಗೇಟಿನ ಕೆಳಗಿದ್ದದ್ದನ್ನೂ ಒಮ್ಮೆ ನೋಡಿದರು.

"ಮಾಂಗ್ ಸೆಲೊ, ಏನಿದು?"

"ಸೋಫಾ, ಕಗವಾದ್. ನಂದಲ್ಲ. ಯಾರೋ ತಂದು ಬಿಸಾಕಿದಾರೆ."

"ಯಾರ ಮನೆ ಮುಂದೆ ಇದೆ?"

"ನಮ್ಮನೆ ಮುಂದೆ."

"ಹಂಗಾದ್ರೆ ನಿಮ್ಮದೇ. ಮನೆ ಮುಂದಿನ ಕಸ ಮನೆಯವರದ್ದು ಅಂತ ಕಟ್ಟಳೆ ಇದೆ. ಯಾರು ಹಾಕಿದ್ದು, ಯಾವಾಗ ಹಾಕಿದ್ದು ಅಂತ ಕೇಳ್ತಾ ಕೂತ್ರೆ ಊರು ಕ್ಲೀನಾಗುತ್ತಾ?"

"ಬಂಗಾರದ ಚೀಲ ಬಿದ್ದಿದ್ರೆ ಅದೂ ನಂದೇ ಆಗ್ತಿತ್ತಾ?"

"ಅದು ಸಿಕ್ಕಿದ ಮಾಲು. ಬರಂಗಾಯಿಗೆ ತಂದು ಒಪ್ಪಿಸಬೇಕಿತ್ತು," ಅಂದರು ರೂಫಿನಾ, ಒಂದಿಷ್ಟೂ ನಗದೆ.

ಆಮೇಲೆ ವಿಷಯ ಹೇಳಿದರು. ನಗರಸಭೆಯ ತಪಾಸಣೆ ತಂಡ ಈವತ್ತು ಮೂರು ಗಂಟೆಗೆ ಈ ಬೀದಿಗೆ ಬರುತ್ತದೆ. ಅಷ್ಟರೊಳಗೆ ಸೋಫಾ ಹೋಗಿರಬೇಕು. ಇಲ್ಲವಾದರೆ ದಂಡ, ಬರಂಗಾಯ್ ಕಚೇರಿಯ ಬೋರ್ಡಿನ ಮೇಲೆ ಫೋಟೋ ಸಮೇತ ಹೆಸರು, ಮೇಲೆ ಮೂರು ಶನಿವಾರ ಚರಂಡಿ ಗುಡಿಸುವ ಸೇವೆ. ತೆಗೆದು ಇನ್ನೊಬ್ಬರ ಮನೆ ಮುಂದೆ ಹಾಕಿದರೆ ಅದು ಬೇರೆಯೇ ಕೇಸು, ಅದಕ್ಕೆ ಜೈಲೂ ಉಂಟು. ಇಷ್ಟು ಹೇಳಿ ಮಾಂಗ್ ಸೆಲೊರನ್ನು ಕೆಳಗಿಳಿಸಿ, ಸೋಫಾದ ಪಕ್ಕ ನಿಲ್ಲಿಸಿ, ಅದರ ಕಡೆ ಬೆರಳು ತೋರಿಸಿಕೊಂಡು ನಿಲ್ಲಲು ಹೇಳಿ ಫೋಟೋ ಹೊಡೆದರು. ಇದು "ಮೊದಲು". ತೆರವಾದ ಮೇಲೆ ಅದೇ ಜಾಗದಲ್ಲಿ "ನಂತರ". ಕೊನೆಗೆ ಒಂದು ಕೆಂಪು ಸ್ಟಿಕರನ್ನು ಹೊಸ ಹಸಿರು ಬಣ್ಣದ ನಟ್ಟನಡುವೆ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ, ಅಂಗೈಯಿಂದ ಚೆನ್ನಾಗಿ ಒತ್ತಿ ಅಂಟಿಸಿದರು. ಅದರ ಮೇಲೆ ದಪ್ಪಕ್ಷರದಲ್ಲಿ "ಸಾರ್ವಜನಿಕ ಉಪದ್ರವ" ಎಂದು ಅಚ್ಚಾಗಿತ್ತು.

ಒಳಗಿಂದ ಜಾಲರಿ ಸೌಟು ಹಿಡಿದುಕೊಂಡೇ ಬಂದ ಹೆಂಡತಿ ಪಸಿತಾ ಗೇಟಿನ ಮೇಲಿಂದ ಬಗ್ಗಿ ಸ್ಟಿಕರನ್ನು ಎರಡು ಸಲ ಓದಿದಳು.

"ಸೆಲೊ, ಆ ಅಜ್ಜಿ ಇದನ್ನ ಓದಿದ್ರೆ ಒಳಗೆ ಕಾಲಿಡಲ್ಲ. ಉಪದ್ರವದ ಮನೆ ಹುಡುಗಿ ಅಂತಾರೆ. ನೀನು ಏನು ಮಾಡ್ತೀಯೋ ನಂಗೊತ್ತಿಲ್ಲ. ನಾನು ಎಣ್ಣೆ ಒಲೆ ಮೇಲಿಟ್ಟು ಬಂದಿದೀನಿ."

ಏನು ಮಾಡಬೇಕೆಂದು ಮಾಂಗ್ ಸೆಲೊರಿಗೂ ಗೊತ್ತಿರಲಿಲ್ಲ. ಅದೃಷ್ಟಕ್ಕೆ ಅಷ್ಟರಲ್ಲಿ ಕಸದ ಲಾರಿ ಹಾಡು ಹಾಕಿಕೊಂಡು ಬಂತು. ಓಡಿಹೋಗಿ ಅಡ್ಡ ನಿಂತರು. ಲಾರಿಯವನು ಸೋಫಾವನ್ನು ಸುತ್ತುಹಾಕಿ ನೋಡಿ, ಕಸ ಎಂದರೆ ಎರಡೇ ಬಗೆ, ಕೊಳೆಯುವುದು ಮತ್ತು ಕೊಳೆಯದ್ದು, ಇದರಲ್ಲಿ ಎರಡೂ ಇದೆ, ಬೇರೆ ಬೇರೆ ಮಾಡಿ ಚೀಲದಲ್ಲಿ ಕಟ್ಟಿಟ್ಟರೆ ಕೊಳೆಯುವುದನ್ನು ಗುರುವಾರ, ಕೊಳೆಯದ್ದನ್ನು ಶನಿವಾರ ಒಯ್ಯುತ್ತೇನೆ ಅಂದ. ಹಾಗೇ ಇಡಿಯಾಗಿ ಒಯ್ಯಬೇಕಾದರೆ ದೊಡ್ಡ ಸಾಮಾನಿನ ಗಾಡಿ ಬೇರೆ ಇದೆ, ನಗರಸಭೆಯಲ್ಲಿ ಅರ್ಜಿ ಕೊಟ್ಟರೆ ಬರುತ್ತದೆ, ಊರಹಬ್ಬ ಕಳೆದ ಮೇಲೆ. ಊರಹಬ್ಬಕ್ಕೆ ಇನ್ನೂ ಎರಡು ತಿಂಗಳಿತ್ತು. ಲಾರಿ ಹಾಡು ಹಾಡುತ್ತಾ ಮುಂದೆ ಹೋಯಿತು. ಅಷ್ಟು ಚೆಂದದ ಹಾಡು ಅಷ್ಟು ಕೆಟ್ಟದಾಗಿ ಮಾಂಗ್ ಸೆಲೊರ ಕಿವಿಗೆ ಎಂದೂ ಬಿದ್ದಿರಲಿಲ್ಲ.

ಸದ್ದು ಕೇಳಿ ಪಕ್ಕದ ಮನೆಯ ತೆಮ್ಯೊಂಗ್ ಬಂದ. ಅವನು ಟ್ರೈಸಿಕಲ್, ಅಂದರೆ ಪಕ್ಕದಲ್ಲೊಂದು ಸೀಟು ಕಟ್ಟಿದ ಬಾಡಿಗೆ ಮೋಟಾರ್ ಬೈಕು, ಓಡಿಸುವವನು, ಎತ್ತಿನಂಥ ಆಳು, ಯಾರೂ ಕರೆಯದಿದ್ದರೂ ಸಹಾಯಕ್ಕೆ ಬರುವ ಮನಸ್ಸು. ಅಂಗಿ ಮಾತ್ರ ಹಾಕುತ್ತಿರಲಿಲ್ಲ, ಸೆಖೆ ಅನ್ನುತ್ತಿದ್ದ. ಬಂದವನು ಒಂದೇ ಉಸಿರಿಗೆ ಸೋಫಾವನ್ನು ಪಕ್ಕಕ್ಕೆ ಎಳೆದು ಗೇಟು ತೆರೆಯುವ ಹಾಗೆ ಮಾಡಿದ. ಮಾಡಿದ ಮೇಲೆ ದಣಿವಾಯಿತೆಂದು ಅದರ ಮೇಲೇ ಕೂತ. ಆಲಿಂಗ್ ಬೆಬಾಂಗ್ ಅವನಿಗೆ ಕಾಫಿ ಕಳಿಸಿದರು. ಕಾಫಿಯ ಹಿಂದೆ ತಾವೂ ಬಂದು ಇನ್ನೊಂದು ತುದಿಯಲ್ಲಿ ಕೂತರು. ಮಂಡಿನೋವಿನವರು ನಿಂತು ಮಾತಾಡುವುದಾದರೂ ಹೇಗೆ. ಮೀನು ಮಾರುವವಳು ಬುಟ್ಟಿ ಇಳಿಸಿ ನಡುವೆ ಕೂತಳು. ಈ ಪೀಡೆಯನ್ನು ಸಾಗಿಸುವುದು ಹೇಗೆಂದು ಮೂವರೂ ಅದರ ಮೇಲೇ ಕೂತು ಗಂಭೀರವಾಗಿ ಚರ್ಚಿಸತೊಡಗಿದರು. ಕೂರಲು ಮೆತ್ತಗಿದೆ ಎಂಬುದೊಂದರ ವಿಚಾರದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಆಗ ಕಗವಾದ್ ರೂಫಿನಾ ಮತ್ತೆ ಬಂದರು. ಅಂಗಿಯಿಲ್ಲದೆ ಬೀದಿಯಲ್ಲಿ ಕೂರುವುದು ಇನ್ನೊಂದು ಕಟ್ಟಳೆಗೆ ವಿರುದ್ಧ ಎಂದು ಅವರು ಚೀಲಕ್ಕೆ ಕೈಹಾಕಿದರು. ತೆಮ್ಯೊಂಗ್ ಥಟ್ಟನೆ ಎದ್ದು ತನ್ನ ಮನೆಯೊಳಕ್ಕೆ ಮಾಯವಾದ. ಸ್ಟಿಕರು ಮಾತ್ರ ಮಾಂಗ್ ಸೆಲೊರ ಗೇಟಿಗೆ ಬಂತು.

"ಅವನು ನನ್ನವನಲ್ಲ, ಕಗವಾದ್," ಅಂದರು ಮಾಂಗ್ ಸೆಲೊ, ಅಳುವ ದನಿಯಲ್ಲಿ.

"ಯಾರ ಮನೆ ಮುಂದೆ ಕೂತಿದ್ದ?"

ಉತ್ತರ ಮಾಂಗ್ ಸೆಲೊರಿಗೆ ಬಾಯಿಪಾಠವಾಗಿತ್ತು.

ಹೊರಗಿದ್ದರೆ ತಾನೇ ಉಪದ್ರವ, ಒಳಗೆ ಎಳೆದುಕೊಂಡರೆ ಮುಗಿಯಿತು ಎಂದು ಅವರಿಗೆ ಹೊಳೆದದ್ದು ಆಮೇಲೆ. ಅಂಗಿ ತೊಟ್ಟು ಬಂದ ತೆಮ್ಯೊಂಗ್ ಹಿಂದಿನಿಂದ ನೂಕಿದ, ಇವರು ಮುಂದಿನಿಂದ ಎಳೆದರು. ಅರ್ಧ ಸೋಫಾ ಸಲೀಸಾಗಿ ಒಳಗೆ ಬಂತು. ಉಳಿದರ್ಧ ಬರಲಿಲ್ಲ. ಹಿಂದಕ್ಕೆ ಎಳೆದರೆ ಅದೂ ಹೋಗಲಿಲ್ಲ. ಬಿಸಿತುಪ್ಪದ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಗೇಟು ಬಾಯಿ ತೆರೆದುಕೊಂಡು ನಿಂತಿತು. ಒಳಗಿದ್ದ ಮಾಂಗ್ ಸೆಲೊ ಒಳಗೇ ಉಳಿದರು. ಹೊರಗಿದ್ದ ತೆಮ್ಯೊಂಗ್ ಹೊರಗೇ ಉಳಿದ. ಸೌತೆಕಾಯಿ ತರಲು ಹೊರಟ ಮಯುಮಿ ಸೀರಿಯಸ್ಸಾಗಿ ಚಪ್ಪಲಿ ಬಿಚ್ಚಿ ಸೋಫಾ ಹತ್ತಿ ದಾಟಿಹೋದಳು. ಹೋಗುವಾಗ, ಜೊನೆಲ್‌ಗೆ ಫೋನ್ ಮಾಡಿ ನಾಳೆ ಬನ್ನಿ ಅನ್ನಲಾ, ಅಂತ ಅಪ್ಪನನ್ನು ಮೆಲ್ಲಗೆ ಕೇಳಿದಳು. ಮಾಂಗ್ ಸೆಲೊ ಅವಳ ಕಣ್ಣನ್ನೊಮ್ಮೆ ನೋಡಿದರು. ಬೇಡಮ್ಮ, ಮೂರು ಗಂಟೆಯೊಳಗೆ ಇದರ ಹುಟ್ಟಡಗಿಸುತ್ತೀನಿ, ಅಂದರು. ಅಂದಮೇಲೆ ಹೇಗೆಂದು ಯೋಚಿಸಿದರು.

ಹಳೇ ಕಬ್ಬಿಣ, ಬಾಟಲಿ ಕೊಳ್ಳುವವನು ಗಾಡಿ ತಳ್ಳಿಕೊಂಡು ಬಂದದ್ದು ದೇವರು ಕಳಿಸಿದ ಹಾಗೆ ಕಂಡಿತು. ಸೋಫಾ ಬೇಡ, ಸ್ಪ್ರಿಂಗು ಬಿಚ್ಚಿ ಕೊಟ್ಟರೆ ಒಯ್ಯುತ್ತೇನೆ ಅಂದ ಅವನು. ಬಿಚ್ಚಿದರೆ ಹಗುರವಾದೀತು, ಗೇಟಿನಿಂದ ಹೊರಬಂದೀತು ಎಂಬ ಆಸೆಯಿಂದ ಮಾಂಗ್ ಸೆಲೊ ಅಡುಗೆಮನೆಯ ಚಾಕು ತಂದು ಮಕಮಲ್ಲು ಸೀಳಿದರು. ಗಡಿಯಾರದ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಬಿಚ್ಚಿ ಅಭ್ಯಾಸವಿದ್ದ ಮನುಷ್ಯ. ಈ ಸ್ಪ್ರಿಂಗು ತಾನೇ ಬಿಚ್ಚಿಕೊಂಡು ಅವರ ಗಲ್ಲಕ್ಕೊಂದು ಕೊಟ್ಟು, ಹಾರಿ, ಮೀನಿನ ಬುಟ್ಟಿಯಲ್ಲಿ ಬಿತ್ತು. ಒಳಗೆ ತುಂಬಿದ್ದ ತೆಂಗಿನ ನಾರು, ಎಷ್ಟು ತಲೆಮಾರಿನದೋ, ಒಮ್ಮೆಲೇ ಉಸಿರುಬಿಟ್ಟಿತು. ಕಂದು ಮೋಡವೊಂದು ಎದ್ದು ಬೀದಿ ದಾಟಿ ಆಲಿಂಗ್ ಬೆಬಾಂಗ್ ಒಣಗಲು ಹಾಕಿದ್ದ ಬಿಳಿ ಹೊದಿಕೆಗಳ ಮೇಲೆ ಇಳಿಯಿತು. ಅದುವರೆಗೆ ಕಾಫಿ ಕಳಿಸಿ ಸಹಾಯ ಮಾಡುತ್ತಿದ್ದ ಹೆಂಗಸು ಆ ಗಳಿಗೆಯಿಂದ ದೂರುದಾರಳಾದಳು.

ಗಾಡಿಯವನು ಕಬ್ಬಿಣ ಹೊತ್ತು ಹೋದ. ಚೌಕಟ್ಟು ಗೇಟಿನಿಂದ ಹೊರಗೆ ಬಂತು. ಆದರೆ ಈಗ ಒಂದು ಉಪದ್ರವದ ಜಾಗದಲ್ಲಿ ಎರಡಿದ್ದವು: ಮರದ್ದೊಂದು, ನಾರಿನದೊಂದು. ನಾರನ್ನು ಗುಡ್ಡೆ ಮಾಡಿ ಒಂದು ಕಡ್ಡಿ ಗೀರಿದರೆ ಸೊಳ್ಳೆಗಳೂ ಓಡುತ್ತವೆ ಎಂದು ಮೀನಿನವಳು ಸೂಚಿಸಿದಳು. ಬೀದಿಯಲ್ಲಿ ಬೆಂಕಿ ಹಾಕಬಾರದೆಂಬುದು ಮಾಂಗ್ ಸೆಲೊರಿಗೆ ಗೊತ್ತಿತ್ತು; ಆದರೆ ಕೈ ಆಗಲೇ ಕಡ್ಡಿ ಗೀರಿತ್ತು. ಆ ನಾರು ಉರಿಯಲೂ ಇಲ್ಲ, ಆರಲೂ ಇಲ್ಲ. ಹೊಗೆಯನ್ನು ಮಾತ್ರ ಧಾರಾಳವಾಗಿ ಕೊಟ್ಟಿತು. ಹೊಗೆಯೊಳಗಿಂದ ಮೊದಲು ಒಂದು ಕೆಮ್ಮು, ಆಮೇಲೆ ಒಂದು ಫೋನು, ಆಮೇಲೆ ಕಗವಾದ್ ರೂಫಿನಾ ಹೊರಬಂದರು. ಅವರು ಇನ್ನೊಂದು ಸ್ಟಿಕರು ಅಂಟಿಸಿದರು. ಮಾಂಗ್ ಸೆಲೊ ಬಕೆಟ್ಟು ನೀರು ಸುರಿದರು. ಆ ಕೆಸರನ್ನು ಚೀಲಕ್ಕೆ ತುಂಬಿ, ಕೊಳೆಯುವುದು ಎಂದು ಬರೆದು, ಹಿತ್ತಲಿಗೆ ಹೊತ್ತುಹಾಕಿದರು.

ಹೊತ್ತು ಎರಡು ಗಂಟೆ ದಾಟಿತ್ತು. ಮುಖ ಮಸಿ, ಗಲ್ಲ ಊದಿಕೊಂಡಿತ್ತು, ತಲೆಯ ತುಂಬ ನಾರು. ಕಟ್ಟೆಯ ಮೇಲೆ ಕುಸಿದು ಕೂತು ಮಾಂಗ್ ಸೆಲೊ ಕೇಳಿದರು: "ಕಗವಾದ್, ಇಡಬಾರದು, ಎಸೀಬಾರದು, ಒಳಗೆ ಹೋಗಲ್ಲ, ಸುಡಬಾರದು. ಮತ್ತೆ ಈ ಊರಲ್ಲಿ ಸೋಫಾನ ಏನು ಮಾಡಬೇಕು?"

ಕಟ್ಟಳೆಯನ್ನು ರೂಫಿನಾ ಯಾವತ್ತೂ ಆ ಕಡೆಯಿಂದ ನೋಡಿರಲಿಲ್ಲ.

"ಬಯಲಲ್ಲಿ ಸುಡಬಾರದು ಅಂತಿದೆ," ಅಂದರು. "ಲೈಸೆನ್ಸ್ ಇರೋ ಒಲೆ ಆದ್ರೆ ನಂಗೇನೂ ತಕರಾರಿಲ್ಲ."

ಲೈಸೆನ್ಸ್ ಇರುವ ಒಲೆ ಎಂದ ಕೂಡಲೆ ತೆಮ್ಯೊಂಗ್ ಟ್ರೈಸಿಕಲ್ ಸ್ಟಾರ್ಟ್ ಮಾಡಿದ. ಬೀದಿಯ ಕೊನೆಯಲ್ಲಿ ಗೋರಿಯೋನ ಬೇಕರಿ ಇತ್ತು. ಊರಿಗೆಲ್ಲ ಬೆಳಗಿನ ಪಾಂದೆಸಾಲ್ ಬನ್ನು ಅವನ ಸೌದೆ ಒಲೆಯಿಂದಲೇ ಬರಬೇಕು. ಗರಗಸದಲ್ಲಿ ಮೂರು ತುಂಡು ಮಾಡಿದ ಸೋಫಾವನ್ನು ಟ್ರೈಸಿಕಲ್ಲಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಬೀಳದ ಹಾಗೆ ಮಾಂಗ್ ಸೆಲೊ ಅದನ್ನು ತಬ್ಬಿಕೊಂಡು ಹೊರಟರು. ದಾರಿಯಲ್ಲಿ ನೋಡಿದವರೊಬ್ಬರು ಯಾರೋ ಹತ್ತಿರದವರು ತೀರಿಕೊಂಡಿರಬೇಕೆಂದು ಟೋಪಿ ತೆಗೆದರು.

ಗೋರಿಯೊ ಮರವನ್ನು ಬೆರಳಿನಿಂದ ತಟ್ಟಿ ಕಿವಿಯಿಟ್ಟು ಕೇಳಿದ.

"ಅಣ್ಣಾ, ಇದು ನಾರಾ ಮರ, ಬೀಟೆಯಂಥದ್ದು. ಅಜ್ಜ ಮುತ್ತಜ್ಜನ ಕಾಲದ್ದು. ಹುಳ ತಿಂದಿದೆ ನಿಜ, ಆದ್ರೂ ಸುಡೋಕೆ ಮನಸ್ಸು ಬರಲ್ಲ. ಪಾಪ ಬರುತ್ತೆ."

"ಪಾಪ ನಂಗಿರ್ಲಿ. ನೀನು ಸುಡು," ಅಂದರು ಮಾಂಗ್ ಸೆಲೊ.

ಒಲೆಯ ಬಾಯಲ್ಲಿ ಆ ಕೆತ್ತನೆಯ ಕೈ, ಆ ವಾಲಿದ ಬೆನ್ನು, ಆ ಮೂರು ಕಾಲು ಒಂದೊಂದಾಗಿ ಹೊತ್ತಿಕೊಳ್ಳುವುದನ್ನು ಅವರು ನಿಂತು ನೋಡಿದರು. ಕೊನೆಯ ಕಾಲು ಕೆಂಡವಾದಾಗ ಆ ದಿನ ಮೊದಲ ಸಲ ನಕ್ಕರು. ನಕ್ಕದ್ದಕ್ಕೆ ಊದಿದ ಗಲ್ಲ ನೋಯಿತು, ಆದರೂ ನಕ್ಕರು.

ಓಡಿಬಂದು ಗೇಟಿನ ಮುಂದೆ ನೀರು ಹಾಕಿ ಗುಡಿಸಿದರು. ರೂಫಿನಾ ಅವರನ್ನು ಬೆಳಗಿನ ಜಾಗದಲ್ಲೇ ನಿಲ್ಲಿಸಿ, ಏನೂ ಇಲ್ಲದ ಕಡೆಗೆ ಬೆರಳು ತೋರಿಸಲು ಹೇಳಿ "ನಂತರ"ದ ಫೋಟೋ ಹೊಡೆದರು. ನಗರಸಭೆಯ ತಂಡ ಎಲ್ಲಿ ಎಂದು ಕೇಳಿದರೆ, ಅವರು ಈವತ್ತು ಬರುವುದಿಲ್ಲವಂತೆ, ಹಿಂದಿನ ವಾರ್ಡಿನಲ್ಲಿ ಊಟ ಜೋರಾಯಿತಂತೆ, ಅಂದರು. ಮಾಂಗ್ ಸೆಲೊ ಗೋಡೆ ಹಿಡಿದುಕೊಂಡು ನಿಂತರು. ಬೇಜಾರು ಮಾಡ್ಕೋಬೇಡಿ, ತೆರವು ಮಾಡಿದ್ದಕ್ಕೆ ಸರ್ಟಿಫಿಕೇಟು ನಾನೇ ತಂದುಕೊಡುತ್ತೇನೆ ಎಂದು ಭರವಸೆ ಕೊಟ್ಟು ಆಕೆ ಕಚೇರಿಗೆ ಹೋದರು. ಗೇಟಿನ ಸ್ಟಿಕರುಗಳನ್ನು ಕೀಳಲು ಉಗುರು, ಚಾಕು, ಸೀಮೆಎಣ್ಣೆ ಎಲ್ಲ ಆಯಿತು. ಹಸಿರು ಬಣ್ಣ ಕಿತ್ತುಬಂತು, ಸ್ಟಿಕರು ಬರಲಿಲ್ಲ. ಪಸಿತಾ ಮೇಜಿನ ಹೊದಿಕೆಯೊಂದನ್ನು ತಂದು ಗೇಟಿನ ಮೇಲೆ ಅಲಂಕಾರದ ಹಾಗೆ ಇಳಿಬಿಟ್ಟಳು. ಮಾಂಗ್ ಸೆಲೊ ಒಳಗೋಡಿ ತಲೆಗೆ ನೀರು ಸುರಿದುಕೊಂಡು ಇಸ್ತ್ರಿ ಮಾಡಿದ ಬಾರೊಂಗ್ ಅಂಗಿ ತೊಟ್ಟು ಬರುವುದಕ್ಕೂ ಗಂಡಿನವರ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು.

ಮೊದಲು ಇಳಿದದ್ದು ನೂಡಲ್ಸು ತುಂಬಿದ ದೊಡ್ಡ ಬಿಲಾವು, ನಮ್ಮ ಮೊರದಂಥ ಬಿದಿರಿನ ತಟ್ಟೆ. ಅದರ ಹಿಂದೆ ಅಕ್ಕಿಯ ಕಡುಬು, ಅದರ ಹಿಂದೆ ಜೊನೆಲ್, ಅವನ ಅಪ್ಪ ಅಮ್ಮ. ಕೊನೆಗೆ ಬೀಸಣಿಗೆ ಹಿಡಿದ ಲೋಲಾ ಪಾನಿಂಗ್. ಒಣ ಮೆಣಸಿನಕಾಯಿಯಷ್ಟೇ ಸಣ್ಣ ದೇಹ, ಖಾರವೂ ಅಷ್ಟೇ ಇರಬಹುದೆಂದು ಕಂಡಿತು. ಮಾಂಗ್ ಸೆಲೊ ಬಾಗಿ, ಹಿರಿಯರಿಗೆ ನಮಸ್ಕರಿಸುವ ಹಾಗೆ, ಅವರ ಕೈಯನ್ನು ಹಣೆಗೆ ಒತ್ತಿಕೊಂಡರು. ಅಜ್ಜಿ ಗೇಟಿನ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಒಳಗೆ ಬಂದರು.

ಉಪಚಾರ ಚೆನ್ನಾಗಿಯೇ ಸಾಗಿತು. ಗೋರಿಯೊ ಸೌದೆ ಕೊಟ್ಟ ಋಣಕ್ಕೆಂದು ಒಂದು ಚೀಲ ಬಿಸಿ ಪಾಂದೆಸಾಲ್ ಕಳಿಸಿದ್ದ. ಪಸಿತಾ ಅದನ್ನು ಬೆಣ್ಣೆ ಸವರಿ ಮುಂದಿಟ್ಟಳು. ಲೋಲಾ ಪಾನಿಂಗ್ ಒಂದು ತುಂಡು ಬಾಯಿಗಿಟ್ಟು ಕಣ್ಣುಮುಚ್ಚಿ ಅಗಿದರು.

"ಏನೋ ಪರಿಮಳ ಇದೆ ಇದರಲ್ಲಿ," ಅಂದರು. "ನಮ್ಮ ಹಳೇ ಮನೆ ನಡುಮನೆಗೆ ಹೋದ ಹಾಗಾಯ್ತು."

ಎಲ್ಲರೂ ನಕ್ಕರು. ಮಾಂಗ್ ಸೆಲೊ ಎಲ್ಲರಿಗಿಂತ ಜೋರಾಗಿ ನಕ್ಕರು. ಆಗ ಅಜ್ಜಿ ಬೀಸಣಿಗೆ ಮಡಚಿ ಸುತ್ತ ನೋಡಿದರು.

"ಅಲ್ಲಪ್ಪ ಸೆಲೊ, ನಾನು ಕಳಿಸಿದ್ದು ಎಲ್ಲೂ ಕಾಣ್ತಾ ಇಲ್ವಲ್ಲ?"

"ಏನು ಕಳಿಸಿದ್ರಿ, ಲೋಲಾ?"

"ಸೋಫಾ. ಜಾವಕ್ಕೇ ಡ್ರೈವರ್ ಬಂದು ಇಳಿಸಿ ಹೋದನಲ್ಲ. ಕೆಲಸದಲ್ಲಿ ದಣಿದಿರ್ತಾರೆ, ಎಬ್ಬಿಸಬೇಡ ಅಂದಿದ್ದೆ. ನಮ್ಮ ಮಾವನವರ ಅಪ್ಪ ಮಾಡಿಸಿದ್ದು. ನಮ್ಮಲ್ಲಿ ಹೆಣ್ಣಿನ ತಂದೆ ಅದರ ಮೇಲೆ ಕೂತೇ ಒಪ್ಪಿಗೆ ಕೊಡಬೇಕು."

ಮಾಂಗ್ ಸೆಲೊರ ಗಂಟಲಲ್ಲಿ ಪಾಂದೆಸಾಲ್ ನಿಂತಿತು. ಯಾವ ಪಾಂದೆಸಾಲ್, ಯಾವ ಸೌದೆಯಲ್ಲಿ ಬೆಂದದ್ದು ಎಂದು ನೆನಪಾಗಿ ಅದು ಇನ್ನೂ ಗಟ್ಟಿಯಾಗಿ ನಿಂತಿತು. ಕಿಟಕಿಯಾಚೆ ತೆಮ್ಯೊಂಗನ ಮುಖವೂ ಆಲಿಂಗ್ ಬೆಬಾಂಗರ ಮುಖವೂ ಒಟ್ಟಿಗೇ ಬಾಯಿ ತೆರೆದದ್ದು ಕಂಡಿತು. ಮಯುಮಿ ಲಂಗದ ಅಂಚನ್ನೇ ತಿರುಚುತ್ತ ನಿಂತಳು.

ಕಾಪಾಡಿದ್ದು ಪಸಿತಾ. ಒಂದು ರೆಪ್ಪೆಯೂ ಬಡಿಯದೆ, ಕಾಲು ಒಂದು ಮುರಿದಿತ್ತಲ್ಲ, ಅಷ್ಟು ದೊಡ್ಡವರ ವಸ್ತು ಕುಂಟುವುದು ಬೇಡ ಅಂತ ಬಡಗಿಯ ಹತ್ತಿರ ಕಳಿಸಿದೀವಿ, ಪಾಲಿಶ್ ಆಗ್ತಿದೆ, ಅಂದಳು. ಲೋಲಾ ಪಾನಿಂಗ್ "ಓಹೋ" ಅಂದರು. ಅವರ ಮುಖ ಯಾಕೋ ಸಣ್ಣದಾಯಿತು. ಹೇಳದೆ ಕೇಳದೆ ಕಳಿಸಿದ್ದಕ್ಕೆ ಸಿಟ್ಟಾಗಿರಬೇಕು ಎಂದುಕೊಂಡರು ಮಾಂಗ್ ಸೆಲೊ. ಆದರೂ ಗಂಡಾಂತರ ಕಳೆಯಿತು. ಮದುವೆಯೊಳಗೆ ಅದೇ ಬಗೆಯ ಇನ್ನೊಂದು ಸೋಫಾ ಎಲ್ಲಾದರೂ ಹುಡುಕಿದರಾಯಿತು. ನೀರು ಕುಡಿದು ಗಂಟಲು ತೆರವು ಮಾಡಿಕೊಂಡರು.

ಆಗಲೇ ಬಾಗಿಲಲ್ಲಿ ಕಗವಾದ್ ರೂಫಿನಾ ನಿಂತಿದ್ದರು. ಕೈಯಲ್ಲಿ ಮೊಹರು ಹಾಕಿದ ಸರ್ಟಿಫಿಕೇಟು, ಮುಖದಲ್ಲಿ ದಿನವೆಲ್ಲ ಕಾಣದ ನಗು. ತುಂಬಿದ ಸಭೆ ಕಂಡು ಅವರಿಗೆ ಇನ್ನೂ ಹುರುಪು ಬಂತು. ನಿಮ್ಮ ಬೀಗರೆಂಥವರು ಎಂದು ನೀವು ತಿಳಿದುಕೊಳ್ಳಬೇಕು ಎಂದು ಗಂಡಿನವರಿಗೆ ಹೇಳಿ ಗಟ್ಟಿಯಾಗಿ ಓದಿದರು: "ಶ್ರೀ ಮಾರ್ಸೆಲಿನೊ 'ಸೆಲೊ' ದಿಮಾಯುಗಾ ಅವರು ತಮ್ಮ ಮನೆಯ ಮುಂದಿದ್ದ ಒಂದು ಹಳೇ ಗುಜರಿ ಸೋಫಾವನ್ನು, ಸ್ವಂತ ಶ್ರಮದಿಂದ, ಒಂದೇ ದಿನದಲ್ಲಿ,  ಸಂಪೂರ್ಣವಾಗಿ ನಾಶಪಡಿಸಿರುತ್ತಾರೆ." ಓದಿ ಮುಗಿಸಿ, ಫೋನು ತೆಗೆದು "ಮೊದಲು" ಮತ್ತು "ನಂತರ"ವನ್ನು ಎಲ್ಲರಿಗಿಂತ ಹಿರಿಯರಾದ ಅಜ್ಜಿಯ ಕೈಗೇ ಕೊಟ್ಟರು.

ಜೊನೆಲ್‌ನ ಅಪ್ಪ ಚಾವಣಿ ನೋಡತೊಡಗಿದರು. ಲೋಲಾ ಪಾನಿಂಗ್ ಕನ್ನಡಕ ಏರಿಸಿ ಮೊದಲ ಫೋಟೋ ನೋಡಿದರು, ಎರಡನೆಯದು ನೋಡಿದರು, ಮತ್ತೆ ಮೊದಲನೆಯದು. ಆಮೇಲೆ ಕೋಲೂರಿ ಎದ್ದರು.

"ಸೆಲೊ, ಹೊರಗೆ ಬಾ."

ಮಾಂಗ್ ಸೆಲೊ ಗಲ್ಲಿಗೇರಲು ಹೋಗುವವನ ಹಾಗೆ ಹಿಂದೆ ನಡೆದರು. ಅದು ತಮ್ಮದೇ ಸರ್ಟಿಫಿಕೇಟಾದ್ದರಿಂದ ರೂಫಿನಾ ಕೂಡ ಬಂದರು. ಗೇಟಿನ ಹತ್ತಿರ ಅಜ್ಜಿ ನಿಂತು, ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ನಿಜವಾಗ್ಲೂ ಸುಟ್ಟುಬಿಟ್ಯಾ?"

"ತಪ್ಪಾಯ್ತು, ಲೋಲಾ. ನಂಗೆ ಗೊತ್ತಿರಲಿಲ್ಲ. ಕಾಲಿಗೆ ಬೀಳ್ತೀನಿ. ಮಗಳ ಮೇಲೆ ಸಿಟ್ಟು ಮಾಡ್ಬೇಡಿ."

"ಪೂರ್ತಿ ಸುಟ್ಯಾ? ಒಂದು ಕಾಲೂ ಉಳಿದಿಲ್ವಾ?"

"ಒಂದೂ ಉಳಿದಿಲ್ಲ."

ಅಜ್ಜಿ ದೀರ್ಘವಾಗಿ ಉಸಿರುಬಿಟ್ಟರು. ಎಷ್ಟೋ ವರ್ಷದಿಂದ ಎದೆಯೊಳಗಿದ್ದ ಉಸಿರಿನ ಹಾಗಿತ್ತು ಅದು.

"ನನ್ನಪ್ಪ, ನೀನು ಮನುಷ್ಯ ಅಲ್ಲ, ದೇವರು. ಮದುವೆಯಾಗಿ ಬಂದಾಗಿಂದ ಅದರ ಧೂಳು ಹೊಡೀತಾ ಇದೀನಿ. ಹೊರಗಿಟ್ರೆ ನಮ್ಮ ಬರಂಗಾಯಿನವರು ಸ್ಟಿಕರ್ ಅಂಟಿಸ್ತಾರೆ. ಒಳಗಿಟ್ರೆ ಹುಳ. ಒಡೆದ್ರೆ ಮಾವನವರ ಆತ್ಮ ಬಿಡಲ್ಲ ಅಂತ ಮನೆಯೋರೆಲ್ಲ ಹೆದರಿಸ್ತಾರೆ. ಕೊನೇ ನೋಟಿಸ್ ಬಂತು. ಏನು ಮಾಡ್ಲಿ? ಉಡುಗೊರೆ ಅಂದ್ರೆ ಯಾರೂ ಬೇಡ ಅನ್ನಲ್ಲ ಅಂತ ನಿಮ್ಮನೆಗೆ ಸಾಗಿಸ್ದೆ. ನೀನು ಬಡಗಿ ಹತ್ರ ಕಳ್ಸಿದೀಯ ಅಂದಾಗ ನಂಗೆ ಎದೆ ಒಡೆದುಹೋಯ್ತು. ಎಲ್ಲಿ ಸರಿಮಾಡಿಸಿ ವಾಪಸ್ ಕೊಡ್ತೀಯೋ ಅಂತ."

ಮಾಂಗ್ ಸೆಲೊರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಳಗಿನಿಂದ ಪಟ್ಟ ಪಾಡೆಲ್ಲ ಕಣ್ಣಮುಂದೆ ಬಂತು. ಆದರೂ ಮಗಳ ಮದುವೆ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಅದೆಲ್ಲ ಕರಗಿತು. ಅಜ್ಜಿಯ ಕೈಯನ್ನು ಇನ್ನೊಮ್ಮೆ ಹಣೆಗೆ ಒತ್ತಿಕೊಂಡರು. ಅಜ್ಜಿ ಆ ಕೈಯನ್ನು ಬಿಡಲಿಲ್ಲ.

"ಇಂಥಾ ಬೀಗನೇ ಬೇಕಿತ್ತು ನಂಗೆ," ಅಂದರು. "ಇನ್ನೂ ಸ್ವಲ್ಪ ಇದೆ. ಎರಡು ಬೀರು, ಗೆದ್ದಲು ಹಿಡಿದ ನಾಲ್ಕು ಕಂಬದ ಮಂಚ, ಬೆಕ್ಕು ಮರಿ ಹಾಕ್ತಿರೋ ಒಂದು ಪಿಯಾನೋ. ಎಲ್ಲಾ ಮಾವನವರ ಕಾಲದ್ದೇ. ಮದುಮಗಳಿಗೆ ಅಂತ ನಾಳೆ ಬೆಳಿಗ್ಗೆ ಲಾರೀಲಿ ಕಳಿಸ್ತೀನಿ. ಮನೆಯೋರ ಮುಂದೆ ಬಾಯಿ ಬಿಡಬೇಡ."

ಮಾಂಗ್ ಸೆಲೊ ಬಾಯಿ ಬಿಡಬೇಕೆಂದೇ ಇದ್ದರು. ಅಷ್ಟರಲ್ಲಿ ಅಜ್ಜಿ ಅವರನ್ನು ಒಳಗೆ ಎಳೆದುತಂದು ಕುರ್ಚಿಯಲ್ಲಿ ಕೂರಿಸಿ, ಮಗನ ಕಡೆ ತಿರುಗಿ, ಇನ್ನೇನು ನೋಡ್ತಿದೀಯಾ, ಕೇಳು, ಅಂದರು. ಜೊನೆಲ್‌ನ ಅಪ್ಪ ಎದ್ದುನಿಂತು, ಗಂಟಲು ಸರಿಪಡಿಸಿಕೊಂಡು, ನಮ್ಮ ಮನೆಯ ಎಲ್ಲ ಪ್ರೀತಿಯೊಂದಿಗೆ ನಿಮ್ಮ ಮಗಳನ್ನು ಕೇಳುತ್ತಿದ್ದೇವೆ, ನಾವು ಕೊಡುವುದನ್ನೆಲ್ಲ ಸಂತೋಷದಿಂದ ಸ್ವೀಕರಿಸಿ ಒಪ್ಪಿಗೆ ಕೊಡಬೇಕು ಎಂದು ಸಂಪ್ರದಾಯದ ಮಾತಾಡಿದರು. ಎಲ್ಲರ ಕಣ್ಣೂ ಮಾಂಗ್ ಸೆಲೊರ ಮೇಲಿತ್ತು. ಮಯುಮಿಯ ಕಣ್ಣಲ್ಲಿ ನೀರಿತ್ತು. ಆ ಕಣ್ಣಿನ ಮುಂದೆ ಯಾವ ಅಪ್ಪ ಪಿಯಾನೋದ ಮಾತೆತ್ತಿಯಾನು?

"ಆಗ್ಲಿ," ಅಂದರು ಮಾಂಗ್ ಸೆಲೊ. ಅದು ಒಪ್ಪಿಗೆಯೋ ನರಳಾಟವೋ ಯಾರೂ ವಿಚಾರಿಸಲಿಲ್ಲ. ಚಪ್ಪಾಳೆಯಾಯಿತು. ಕಿಟಕಿಯಾಚೆಯಿಂದಲೂ ಆಯಿತು.

ಕಗವಾದ್ ರೂಫಿನಾ ಹತ್ತಿರ ಬಂದು ಅಭಿನಂದನೆ ಹೇಳಿದರು. ಮಾಂಗ್ ಸೆಲೊ ಸರ್ಟಿಫಿಕೇಟಿಗೆ ಕೈಚಾಚಿದರು. ಆಕೆ ಅದನ್ನು ನೀಟಾಗಿ ಮಡಚಿ ತಮ್ಮ ಚೀಲದೊಳಕ್ಕೇ ಇಟ್ಟುಕೊಂಡರು.

"ಇದು ನನ್ನ ಹತ್ರಾನೇ ಇರ್ಲಿ, ಮಾಂಗ್ ಸೆಲೊ," ಅಂದರು. "ಬೀರು, ಮಂಚ, ಪಿಯಾನೋ ಎಲ್ಲಾ ಸೇರಿಸಿ ಒಟ್ಟಿಗೆ ಬರೆದುಕೊಡ್ತೀನಿ. ಬೆಳಿಗ್ಗೆ ಲಾರಿ ಎಷ್ಟೊತ್ತಿಗೆ ಬರುತ್ತೆ ಅಂತ ಅಜ್ಜೀನ ಕೇಳಿ ಹೇಳಿ. 'ಮೊದಲು' ಫೋಟೋ ಹೊಡೀಬೇಕಲ್ಲ."